ಅರಬ್ಬೀ ನಾವಿಕರ ‘ಸುಹೈಲ್’: ಒಂದು ದಿಙ್ನಾಮದ ವಿಚಾರ

ಹೊನ್ನಾವರ, ಭಟ್ಕಳ, ಮಂಗಳೂರು ಮೊದಲಾದ ಬಂದರುಗಳ ಚರಿತ್ರೆಯನ್ನು ಅಭ್ಯಸಿಸುವವರು ಅರಬ್ಬೀ ನಾವಿಕರ ಗ್ರಂಥಗಳನ್ನು ಬದಿಗಿಡುವಂತಿಲ್ಲ. ಅವುಗಳಲ್ಲಿ ಇಬ್ನ್ ಮಾಜಿದನು ಕ್ರಿ.ಶ. 1490ರ ಸುಮಾರಿಗೆ ಮುಗಿಸಿದ ‘ಕಿತಾಬ್ ಅಲ್-ಫವಾಇದ್’ ಮುಖ್ಯವಾದುದು. ಜಿ. ಆರ್. ಟಿಬೆಟ್ಸ್ ಅವರ ಇಂಗ್ಲಿಷ್ ಅನುವಾದವು 1971ರಲ್ಲಿ ಪ್ರಕಟವಾದಂದಿನಿಂದ ಅರಬ್ಬೀ ಅರಿಯದ ನಮ್ಮಂಥವರಿಗೂ ಅದು ಎಟಕುವಂತಾಗಿದೆ. ಆದರೆ ಗ್ರಂಥವು ಕೈಗೆ ಬಂದ ಮಾತ್ರಕ್ಕೆ ಅದರ ಪರಿಭಾಷೆ ವಶವಾಗುವುದಿಲ್ಲವೆಂಬುದಕ್ಕೆ ‘ಸುಹೈಲ್’ ಎಂಬ ಒಂದು ಶಬ್ದವೇ ಸಾಕ್ಷಿ.

ಸುಹೈಲ್ ಎಂದರೆ ನಮ್ಮ ಅಗಸ್ತ್ಯ ನಕ್ಷತ್ರ. ಅರಬ್ಬೀ ನಾವಿಕರು ದಿಗ್ವಲಯವನ್ನು 32 ಸಮಭಾಗಗಳಾಗಿ ವಿಂಗಡಿಸಿ, ಒಂದೊಂದು ಭಾಗವನ್ನು ‘ಖನ್’ ಎಂದು ಕರೆದರು. ಒಂದು ಖನ್ 11¼ ಡಿಗ್ರಿ. ಉತ್ತರಕ್ಕೆ ‘ಜಾಹ್’ ಎಂದೂ ದಕ್ಷಿಣಕ್ಕೆ ‘ಕುತ್ಬ್’ ಎಂದೂ ಹೆಸರು. ಉಳಿದ 30 ಬಿಂದುಗಳಿಗೆ ಹದಿನೈದು ತಾರೆಗಳ ಉದಯಾಸ್ತಗಳಿಂದ ಹೆಸರುಗಳು ಬಂದಿವೆ. ‘ಮತ್ಲಾ ಸುಹೈಲ್’, ಅಂದರೆ ಸುಹೈಲಿನ ಉದಯಸ್ಥಾನ, ಉತ್ತರದಿಂದ ಎಣಿಸಿದರೆ 157½ ಡಿಗ್ರಿ. ‘ಮಗೀಬ್ ಸುಹೈಲ್’, ಅಂದರೆ ಅಸ್ತಸ್ಥಾನ, 202½ ಡಿಗ್ರಿ.

ಇದನ್ನು ಕನ್ನಡಿಸುವಾಗ ಮೂರು ಬಗೆಯ ಪ್ರಮಾದಕ್ಕೆ ಎಡೆಯುಂಟು. ಮೊದಲನೆಯದು, ಅಗಸ್ತ್ಯನು ದಕ್ಷಿಣದವನೆಂಬ ಸಂಸ್ಕಾರದಿಂದ ‘ದಕ್ಷಿಣ’ ಎಂದುಬಿಡುವುದು. ಎರಡನೆಯದು, ನಮ್ಮ ಅಷ್ಟದಿಕ್ಕುಗಳಲ್ಲಿ ಸಮೀಪದ್ದೆಂದು ‘ಆಗ್ನೇಯ’ವನ್ನು ಆರಿಸುವುದು. ತರಗತಿಯಲ್ಲಿ ನಾವೂ ಹಿಂದೆ ಹೀಗೆಯೇ ಹೇಳಿದ್ದುಂಟು. ಆಗ್ನೇಯವು 135 ಡಿಗ್ರಿ. ವ್ಯತ್ಯಾಸ ಎರಡು ಪೂರ್ಣ ಖನ್. ಒಂದೇ ಬಂದರಿನಿಂದ ಹೊರಟು ಈ ಎರಡು ದಿಕ್ಕುಗಳಲ್ಲಿ ನೂರು ನೂರು ಮೈಲಿ ಸಾಗಿದ ಹಡಗುಗಳ ನಡುವೆ ಸುಮಾರು 39 ಮೈಲಿ ಅಂತರವಿರುತ್ತದೆ. ಭೂಪಟದ ಮೇಲೆ ಜಲಮಾರ್ಗವನ್ನು ಗುರುತಿಸುವ ವಿದ್ಯಾರ್ಥಿಗೆ ಇದು ಅಲ್ಪ ದೋಷವಲ್ಲ.

ಮೂರನೆಯದು ‘ಅಗಸ್ತ್ಯೋದಯ’. ಇದು ಶಬ್ದಶಃ ಸಾಧುವಾಗಿ ಕಾಣುವುದರಿಂದಲೇ ಹೆಚ್ಚು ಅಪಾಯಕರ. ನಮ್ಮ ಪರಂಪರೆಯಲ್ಲಿ ಅಗಸ್ತ್ಯೋದಯವೆಂದರೆ ಕಾಲಸೂಚನೆ: ಮಳೆಗಾಲ ಹಿಂದೆಗೆದು ನೀರು ತಿಳಿಯಾಗುವ ಸಮಯ. ವರಾಹಮಿಹಿರನ ‘ಬೃಹತ್ಸಂಹಿತೆ’ಯಲ್ಲಿ ಅಗಸ್ತ್ಯಚಾರಕ್ಕೆ ಪ್ರತ್ಯೇಕ ಅಧ್ಯಾಯವೇ ಇದೆ. ಈ ಪದವನ್ನು ಬಳಸಿದರೆ ಚುಕ್ಕಾಣಿಯನ್ನು ಯಾವ ಕಡೆಗೆ ಹಿಡಿಯಬೇಕೆಂಬ ಮಾತು, ಯಾವಾಗ ಹೊರಡಬೇಕೆಂಬ ಮಾತಾಗಿ ಬದಲಾಗುತ್ತದೆ.

ಹಾಗಾದರೆ ‘ಅಗಸ್ತ್ಯ ನಕ್ಷತ್ರ ಮೂಡುವ ಕಡೆ’ ಎಂದು ಬಿಡಿಸಿ ಹೇಳಬಹುದೇ? ಅದೂ ಸಲ್ಲದು. ಮಂಗಳೂರಿನಿಂದ ನೋಡಿದರೆ ಆ ತಾರೆ ಮೂಡುವುದು ಸುಮಾರು 145 ಡಿಗ್ರಿಯಲ್ಲಿ. ಹೆಸರಿನ ಬಿಂದುವಿಗಿಂತ ಒಂದು ಖನ್‌ಗೂ ತುಸು ಹೆಚ್ಚು ಪೂರ್ವಕ್ಕೆ. ಇದರಲ್ಲಿ ಆಶ್ಚರ್ಯವೇನಿಲ್ಲ. ನಮ್ಮ ಕನ್ನಡದ ‘ಮೂಡು’ ಎಂಬುದೂ ಸೂರ್ಯನು ಮೂಡುವುದರಿಂದಲೇ ಬಂದ ದಿಙ್ನಾಮ. ಆದರೂ ಸೂರ್ಯನು ನೇರ ಪೂರ್ವದಲ್ಲಿ ಮೂಡುವುದು ವರ್ಷಕ್ಕೆ ಎರಡೇ ದಿನ. ಮಿಕ್ಕ ದಿನಗಳಲ್ಲಿ ಮೂಡುದಿಕ್ಕು ಸ್ಥಳ ಬಿಡುವುದಿಲ್ಲ. ಹೆಸರಿನ ಮೂಲ ಬೇರೆ, ಅದರ ಪ್ರಯೋಗ ಬೇರೆ.

ಇಲ್ಲಿ ಒಂದು ಆಕ್ಷೇಪವನ್ನು ಪರಿಶೀಲಿಸಬೇಕು. ಗಣಿತ ಮಾಡಿ ನೋಡಿದರೆ ಸುಮಾರು 30½ ಡಿಗ್ರಿ ಉತ್ತರ ಅಕ್ಷಾಂಶದಲ್ಲಿ, ಎಂದರೆ ಬಸ್ರಾದ ಆಸುಪಾಸಿನಲ್ಲಿ, ಸುಹೈಲ್ ತನ್ನ ಹೆಸರಿನ ಬಿಂದುವಿನಲ್ಲಿಯೇ ಮೂಡುತ್ತದೆ. ಆದುದರಿಂದ ಈ ದಿಕ್ಚಕ್ರವು ಅಲ್ಲಿಯೇ ಹುಟ್ಟಿತು, ಅಲ್ಲಿಯಾದರೂ ನಾಮಾರ್ಥವೇ ದಿಗರ್ಥವೆಂದು ವಾದಿಸಬಹುದು. ಆದರೆ ಇದೇ ಚಕ್ರದಲ್ಲಿ ನೇರ ಪೂರ್ವಕ್ಕೆ ‘ತಾಇರ್’, ಎಂದರೆ ಶ್ರವಣ ನಕ್ಷತ್ರದ ಹೆಸರಿದೆ. ಖಗೋಳದ ವಿಷುವದ್ವೃತ್ತಕ್ಕೆ ಉತ್ತರದಲ್ಲಿರುವ ಆ ತಾರೆಯು ಭೂಮಿಯ ಯಾವ ಊರಿನಲ್ಲಿಯೂ ನೇರ ಪೂರ್ವದಲ್ಲಿ ಮೂಡಲಾರದು. ಒಂದು ತಾರೆಯ ಹೊಂದಿಕೆಯಿಂದ ಇಡೀ ಚಕ್ರದ ಜನ್ಮಸ್ಥಾನವನ್ನು ನಿರ್ಣಯಿಸುವುದು ಸಾಹಸವೆಂದು ನಾವು ಭಾವಿಸುತ್ತೇವೆ.

ಮತ್ತೊಂದು ಎಚ್ಚರಿಕೆಯೂ ಅವಶ್ಯಕ. ನಾವಿಕರು ಸುಹೈಲಿನ ಉನ್ನತಿಯನ್ನು ‘ಇಸ್ಬಾ’, ಎಂದರೆ ಬೆರಳು, ಎಂಬ ಮಾನದಿಂದ ಅಳೆಯುತ್ತಿದ್ದರು. ಬೆರಳಿನ ಲೆಕ್ಕ ಬಂದೆಡೆ ಸುಹೈಲ್ ಕಣ್ಣಿಗೆ ಕಾಣುವ ತಾರೆಯೇ ಹೊರತು ದಿಕ್ಕಲ್ಲ. ಉದಯಾಸ್ತಗಳ ವಿಶೇಷಣದೊಡನೆ ಪಯಣದ ದಿಕ್ಕನ್ನು ಹೇಳುವೆಡೆ ಅದು ದಿಕ್ಕೇ ಹೊರತು ತಾರೆಯಲ್ಲ.

ಆದಕಾರಣ ಮೂಲಶಬ್ದವನ್ನು ಹಾಗೆಯೇ ಉಳಿಸಿಕೊಂಡು ‘ಸುಹೈಲ್ ಉದಯಬಿಂದು, 157½ ಡಿಗ್ರಿ’ ಎಂದು ಬರೆಯುವುದೇ ಯುಕ್ತವೆಂದು ನಮ್ಮ ಅಭಿಪ್ರಾಯ. ಓದಲು ಇದು ಸ್ವಲ್ಪ ತೊಡಕಾದೀತು. ಆದರೆ ನಾವಿಕನು ಅಳೆದು ಹೇಳಿದುದನ್ನು ಚರಿತ್ರಕಾರನು ಅಂದಾಜಿಗೆ ಇಳಿಸುವುದಕ್ಕಿಂತ ಆ ತೊಡಕೇ ಲೇಸು.