ಹೆಬ್ಬಾರರ ಗೆರೆ

ಕಟ್ಟಿಂಗೇರಿ ಕೃಷ್ಣ ಹೆಬ್ಬಾರ್ ಹುಟ್ಟಿದ್ದು 1911ರ ಜೂನ್ 15ರಂದು, ಉಡುಪಿ ಹತ್ತಿರದ ಕಟ್ಟಿಂಗೇರಿಯಲ್ಲಿ. ತಂದೆ ಚೌತಿಗೆ ಮಣ್ಣಿನ ಗಣಪತಿ ಮಾಡುತ್ತಿದ್ದವರು. ಮುಂದೆ ಮುಂಬೈ, ಪ್ಯಾರಿಸ್ ಸುತ್ತಿ ಭಾರತದ ಆಧುನಿಕ ಚಿತ್ರಕಲೆಯ ಮೊದಲ ಸಾಲಿನಲ್ಲಿ ನಿಂತ ಕಲಾವಿದನಿಗೆ ಮನೆಯೊಳಗೇ ಸಿಕ್ಕ ಪಾಠ ಅದು: ಎಷ್ಟೇ ಚಂದ ಮಾಡಿದರೂ ಮೂರ್ತಿ ನೀರಿಗೆ ಹೋಗುತ್ತದೆ, ಉಳಿಯುವುದು ಮಾಡಿದ ಕೈ.

ಆ ಸೀಮೆಯ ಚಿತ್ರಗಳೆಲ್ಲ ಹೆಚ್ಚುಕಡಿಮೆ ಹೀಗೆಯೇ. ನಾಗಾರಾಧನೆಯ ನಾಗಮಂಡಲದ ರಾತ್ರಿ ವೈದ್ಯ ಎಂಬ ಪಂಗಡದವರು ನೆಲದ ಮೇಲೆ ಬರೆಯುವ ಹಾವಿನ ಸುರುಳಿಗೆ ಐದು ಬಣ್ಣ. ಬಿಳಿಗೆ ಬಿಳಿಮಣ್ಣು, ಹಳದಿಗೆ ಅರಿಸಿನ, ಅರಿಸಿನಕ್ಕೆ ಸುಣ್ಣ ಕಲೆಸಿದರೆ ಕೆಂಪು, ಸೊಪ್ಪಿನ ಪುಡಿಯಿಂದ ಹಸಿರು, ಹುರಿದ ಉಮಿಯಿಂದ ಕಪ್ಪು. ತಾಸುಗಟ್ಟಲೆ ಕೂತು ಬರೆದದ್ದನ್ನು ಸೇವೆ ಮುಗಿದ ಮೇಲೆ ಅಳಿಸಿಬಿಡುತ್ತಾರೆ. ಭೂತದ ಬೆನ್ನಿಗೆ ಕಟ್ಟುವ ತೆಂಗಿನ ಸಿರಿಯ ಅಣಿ ಬೆಳಗಾಗುವಾಗ ಬಾಡಿರುತ್ತದೆ. ಯಕ್ಷಗಾನದ ಮುಖವರ್ಣಿಕೆಯನ್ನು ಎಣ್ಣೆ ಹಚ್ಚಿ ಒರೆಸಿದರೆ ಮುಗಿಯಿತು. ಬಯಲುಸೀಮೆಯವರು ದೊಡ್ಡಾಟದ ರಾಕ್ಷಸನ ಬಣ್ಣವನ್ನು ನೆನೆಸಿಕೊಂಡರೆ ಸಾಕು, ಕಿರೀಟದ ಅಳತೆ ಬೇರೆ, ಲೆಕ್ಕಾಚಾರ ಒಂದೇ. ದೂರದ ದೀಪದ ಬೆಳಕಿನಲ್ಲಿ ಕೊನೆಯ ಸಾಲಿನವನಿಗೂ ಮುಖ ಕಾಣಬೇಕು, ಆದ್ದರಿಂದ ನೆರಳು ಬೆಳಕಿನ ನಾಜೂಕು ಬೇಡ, ಗಟ್ಟಿ ಗೆರೆ ಬೇಕು.

ಹೆಬ್ಬಾರರು ಶಾಲೆಗೆ ಹೋಗಿ ಕಲಿತದ್ದು ಇದಕ್ಕೆ ತೀರಾ ವಿರುದ್ಧವಾದ ವಿದ್ಯೆ. ಮೈಸೂರಿನ ಚಾಮರಾಜೇಂದ್ರ ತಾಂತ್ರಿಕ ಸಂಸ್ಥೆಯಲ್ಲಿ ಸ್ವಲ್ಪ ಕಾಲ ಇದ್ದು, ಆಮೇಲೆ ಮುಂಬೈಯ ಸರ್ ಜೆ.ಜೆ. ಕಲಾಶಾಲೆ ಸೇರಿ 1938ರಲ್ಲಿ ಡಿಪ್ಲೊಮಾ ಪಡೆದರು, 1940ರಿಂದ 1945ರವರೆಗೆ ಅಲ್ಲಿಯೇ ಕಲಿಸಿದರು. ಎದುರಿಗಿದ್ದ ಮನುಷ್ಯನನ್ನು ಇದ್ದ ಹಾಗೆ, ಉಬ್ಬು ತಗ್ಗು ಸಮೇತ ಕಾಗದಕ್ಕಿಳಿಸುವುದು ಅಲ್ಲಿನ ಪಾಠ. ಆ ಕೈಚಳಕ ಬಂದಾದ ಮೇಲೆ ಏನೋ ಕೊರತೆ ಕಾಡಿತು. ಅಮೃತಾ ಶೇರ್‌ಗಿಲ್ ಚಿತ್ರಗಳು, ಅವುಗಳ ಹಿಂದೆ ನಿಂತಿದ್ದ ಫ್ರೆಂಚ್ ಕಲಾವಿದ ಗೋಗ್ಯಾನ್, ಇನ್ನೊಂದು ಕಡೆ ಅಜಂತಾ, ಜೈನ ಹಸ್ತಪ್ರತಿಗಳ ಚಿತ್ರಗಳು, ರಾಜಪೂತ ಕಿರುಚಿತ್ರಗಳು, ಇವೆಲ್ಲ ಒಟ್ಟಿಗೆ ಕಣ್ಣಿಗೆ ಬಿದ್ದವು. 1940ರ ದಶಕದಲ್ಲಿ ಅವರು ಬರೆದ ಮಲಬಾರಿನ ಚಿತ್ರಗಳಲ್ಲಿ ನೆರಳು ಕರಗಿ, ಬಣ್ಣ ಚಪ್ಪಟೆಯಾಗಿ, ಆಕಾರಕ್ಕೆ ಅಂಚು ಬಂದಿರುವುದು ಈ ನೋಟದ ಫಲ.

ಚಪ್ಪಟೆ ಬಣ್ಣ, ಗಟ್ಟಿ ಅಂಚು ಎಂಬುದನ್ನು ಬಯಲುಸೀಮೆಯ ಹುಣಸಗಿಯವರಿಗೆ ಜೈನ ಹಸ್ತಪ್ರತಿಯ ಉದಾಹರಣೆ ಕೊಟ್ಟು ತಿಳಿಸಬೇಕಾಗಿಲ್ಲ. ಹುಣಸಗಿ ಬೇರೆ ತಾಲ್ಲೂಕು ಆಗಿದ್ದು ಈಚೆಗೆ, ಅದಕ್ಕೂ ಮೊದಲು ಅದು ಸುರಪುರದ ಭಾಗ. ಸುರಪುರ ಎಂದರೆ ಗರುಡಾದ್ರಿ ಮನೆತನದ ಚಿತ್ರಗಾರರ ಊರು. ನಾಯಕ ಅರಸರ ಆಶ್ರಯದಲ್ಲಿ ಅವರು ಬರೆದ ಕಿರುಚಿತ್ರಗಳಲ್ಲಿ ದಖ್ಖನಿ ಶೈಲಿಯೂ ದಕ್ಷಿಣದ ದೇವರ ಪಟಗಳ ಚಿನ್ನದ ರೇಕೂ ಒಂದೇ ಚೌಕಟ್ಟಿನಲ್ಲಿ ಕೂತಿವೆ. 1858ರಲ್ಲಿ ರಾಜಾ ವೆಂಕಟಪ್ಪ ನಾಯಕರ ಬಂಡಾಯ ಮುರಿದುಬಿತ್ತು. ಎರಡು ವರ್ಷದಲ್ಲಿ ಸಂಸ್ಥಾನ ನಿಜಾಮರ ಪಾಲಾಯಿತು. ಆಶ್ರಯ ಕೊಡುವ ಅರಮನೆ ಹೋದ ಮೇಲೆ ಚಿನ್ನದ ರೇಕು ಯಾರು ಕೊಂಡಾರು? ಪರಂಪರೆಯ ಒಳಗೇ ಇದ್ದವರಿಗೆ ಅದರಿಂದ ಹೊಸದೊಂದನ್ನು ತೆಗೆಯುವ ಬಿಡುವೂ ಇರಲಿಲ್ಲ, ಗಿರಾಕಿಯೂ ಇರಲಿಲ್ಲ. ಅದನ್ನು ಮಾಡಿದವರು ಊರು ಬಿಟ್ಟು ಕಲಾಶಾಲೆಗೆ ಹೋಗಿ, ಹೊರಗಿನಿಂದ ತಿರುಗಿ ನೋಡಿದವರು. ಭಾರತದಲ್ಲಿ ಮಾತ್ರ ಹೀಗಾಯಿತು ಎಂದೇನಲ್ಲ.

ಹೆಬ್ಬಾರರಿಗೆ ಒಂದು ತಲೆಮಾರು ಮೊದಲು ಇದೇ ದಾರಿ ಹಿಡಿದವಳು ರಷ್ಯಾದ ನತಾಲ್ಯಾ ಗೊಂಚರೋವಾ. ಹುಟ್ಟಿದ್ದು 1881ರಲ್ಲಿ, ತುಲಾ ಪ್ರಾಂತ್ಯದ ಹಳ್ಳಿಯಲ್ಲಿ. ಮಾಸ್ಕೋದ ಕಲಾಶಾಲೆಯಲ್ಲಿ ಮೊದಲು ಶಿಲ್ಪ ಕಲಿತು, ಜೊತೆಗಾರ ಮಿಖಾಯಿಲ್ ಲರಿಯೋನೋವ್ ಮಾತಿಗೆ ಬಣ್ಣಕ್ಕೆ ಬಂದಳು. ಅವರಿಬ್ಬರಿಗೂ ಹುಚ್ಚು ಹಿಡಿಸಿದ್ದು ಲುಬೊಕ್ ಎಂಬ ಅಗ್ಗದ ಪಟ. ಮರದ ಅಚ್ಚಿನಿಂದ ಒತ್ತಿ, ಕೈಯಿಂದ ಬಣ್ಣ ಬಳಿದು ಜಾತ್ರೆಯಲ್ಲಿ ಮಾರುತ್ತಿದ್ದ ಪಟಗಳವು. ಬಳಿಯುವವರಿಗೆ ಅವಸರ, ಹಾಗಾಗಿ ರಾಜನ ಅಂಗಿಯ ಕೆಂಪು ಅಂಗಿ ದಾಟಿ ಕುದುರೆಯ ಕತ್ತಿನ ಮೇಲೂ ಹರಿದಿರುತ್ತದೆ. ಲರಿಯೋನೋವ್ 1913ರಲ್ಲಿ ಇಂಥ ಪಟಗಳದ್ದೂ ಹಳೆಯ ದೇವರ ಪಟಗಳದ್ದೂ ಸೇರಿಸಿ ಒಂದು ಪ್ರದರ್ಶನವನ್ನೇ ಮಾಡಿದ. ಕಲಬುರಗಿಯ ಎಸ್.ಎಂ. ಪಂಡಿತರ ದೇವರ ಚಿತ್ರಗಳು ಕ್ಯಾಲೆಂಡರಿಗೆ ಇಳಿದು, ವರ್ಷ ಮುಗಿದರೂ ಮೊಳೆಯಿಂದ ಇಳಿಯದೆ ಮನೆಮನೆಯ ಗೋಡೆಯಲ್ಲಿ ಉಳಿದದ್ದನ್ನು ನೋಡಿದ್ದರೆ ಅವನ್ನೂ ಆತ ಗಂಟು ಕಟ್ಟಿ ಒಯ್ಯುತ್ತಿದ್ದನೋ ಏನೋ.

ಗೊಂಚರೋವಾ ಸೇಬು ಬಿಡಿಸುವ, ಹುಲ್ಲು ಕೊಯ್ಯುವ ರೈತರನ್ನು ದೇವರ ಪಟದ ಸಂತರ ಹಾಗೆ ಬರೆದಳು. ದಪ್ಪ ಕಪ್ಪು ಅಂಚು, ದೊಡ್ಡ ಪಾದ, ನೇರ ನೋಟ. 1911ರಲ್ಲಿ ಬೈಬಲಿನ ನಾಲ್ವರು ಸುವಾರ್ತಿಕ ಸಂತರನ್ನು ನಾಲ್ಕು ಎತ್ತರದ ಕ್ಯಾನ್ವಾಸುಗಳ ಮೇಲೆ ತಂದಳು. ಮರುವರ್ಷ ‘ಕತ್ತೆಯ ಬಾಲ’ ಎಂಬ ಹೆಸರಿನ ಪ್ರದರ್ಶನದಲ್ಲಿ ಅವನ್ನಿಟ್ಟಾಗ ಅಧಿಕಾರಿಗಳು ತೆಗೆಸಿದರು, ಸಂತರಿಗೆ ಕತ್ತೆಯ ಬಾಲ ಸರಿಹೋಗಲಿಲ್ಲ. ಅದಕ್ಕೂ ಮೊದಲು, 1910ರಲ್ಲಿ, ಒಂದೇ ದಿನದ ಪ್ರದರ್ಶನದಲ್ಲಿದ್ದ ಬೆತ್ತಲೆ ಚಿತ್ರಗಳಿಗಾಗಿ ಅಶ್ಲೀಲತೆಯ ಮೊಕದ್ದಮೆ ಬಿದ್ದು ಖುಲಾಸೆಯಾಗಿತ್ತು. ಘನಾಕೃತಿ ಕಲೆ (ಕ್ಯೂಬಿಸಂ) ಪ್ಯಾರಿಸ್ಸಿನ ಹೊಸ ಸರಕೇನಲ್ಲ, ರಷ್ಯಾದ ಹುಲ್ಲುಗಾವಲಿನಲ್ಲಿ ನಿಂತ ಪುರಾತನ ಕಲ್ಲುಬೊಂಬೆಗಳೂ ಜಾತ್ರೆಯ ಮರದ ಗೊಂಬೆಗಳೂ ಅದನ್ನೇ ಮಾಡಿವೆ ಎಂಬುದು ಅವಳ ವಾದ. ಸ್ವಲ್ಪ ಜಂಬದ ಮಾತು ಹೌದು, ಸುಳ್ಳಲ್ಲ.

1914ರಲ್ಲಿ ಪ್ಯಾರಿಸ್ಸಿನಲ್ಲಿ ರಷ್ಯನ್ ಬ್ಯಾಲೆ ಮೇಳದ ಯಜಮಾನ ದ್ಯಾಗಿಲೆವ್ ಆಡಿಸಿದ ‘ಚಿನ್ನದ ಹುಂಜ’ ಎಂಬ ಆಟಕ್ಕೆ ಅವಳದೇ ಪರದೆ, ಅವಳದೇ ವೇಷ. ಕೆಂಪು, ಕಿತ್ತಳೆಯ ಅಬ್ಬರ, ಪರದೆಯ ತುಂಬ ಆಳೆತ್ತರದ ಹೂಗಳು. ಆ ಪ್ರಯೋಗದಲ್ಲಿ ಹಾಡುವವರು ರಂಗದ ಎರಡೂ ಪಕ್ಕ ಸಾಲಾಗಿ ಕೂತು ಹಾಡಿದರು, ಕುಣಿದವರು ಬೇರೆ. ಪ್ಯಾರಿಸ್ ಅದನ್ನು ಹೊಸ ಪ್ರಯೋಗವೆಂದು ಬೆರಗಿನಿಂದ ನೋಡಿತು. ಭಾಗವತ ಹಾಡಿ ವೇಷಧಾರಿ ಕುಣಿಯುವ ಆಟ ಕಂಡ ಕನ್ನಡಿಗನಿಗೆ ಅದರಲ್ಲಿ ಬೆರಗಿಗೆ ಕಾರಣವಿಲ್ಲ.

ಅವಳ ಕೆಲಸದಲ್ಲಿ ಹೆಚ್ಚು ನಿಂತು ನೋಡಬೇಕಾದದ್ದು ಒಂಬತ್ತು ವರ್ಷದ ನಂತರದ್ದು. ಸ್ಟ್ರಾವಿನ್ಸ್ಕಿ ಸಂಗೀತದ, ರಷ್ಯನ್ ಹಳ್ಳಿ ಮದುವೆಯ ಬ್ಯಾಲೆ ‘ಲೆ ನೋಸ್’ 1923ರಲ್ಲಿ ರಂಗಕ್ಕೆ ಬಂತು. ಅದಕ್ಕೂ ಗೊಂಚರೋವಾ ಮೊದಲು ಬಣ್ಣಬಣ್ಣದ ಜಾತ್ರೆಯ ಉಡುಪುಗಳನ್ನೇ ಬರೆದಿದ್ದಳು. ನೃತ್ಯ ಸಂಯೋಜಿಸಿದ ಬ್ರೊನಿಸ್ಲಾವಾ ನಿಜಿನ್ಸ್ಕಾಗೆ ಅವು ಬೇಡವಾದವು. ಕೊನೆಗೆ ಉಳಿದದ್ದು ಕಂದು ಮತ್ತು ಬಿಳಿ, ಗಂಡಸರಿಗೂ ಹೆಂಗಸರಿಗೂ ಹೆಚ್ಚುಕಡಿಮೆ ಒಂದೇ ಸಾದಾ ಉಡುಪು. ಕಸೂತಿಯಿಲ್ಲ, ಹೂವಿಲ್ಲ. ಹಾಗಿದ್ದೂ ಮದುಮಗಳ ಉದ್ದ ಜಡೆ ಹಿಡಿದು ಸಾಲುಗಟ್ಟಿ ನಿಂತ ಹುಡುಗಿಯರನ್ನು ನೋಡಿದರೆ ‘ಚಿನ್ನದ ಹುಂಜ’ಕ್ಕಿಂತ ಇದೇ ಹೆಚ್ಚು ಹಳ್ಳಿಯದ್ದು ಅನ್ನಿಸುತ್ತದೆ. ಜನಪದದ ಬಣ್ಣ ತೊಳೆದುಹೋದಾಗ ಅದರ ಎಲುಬು ಕಾಣಿಸಿತು.

ಹೆಬ್ಬಾರರು ಈ ಎಲುಬಿನ ಹತ್ತಿರಕ್ಕೆ ಬಂದದ್ದು ಬೇರೆ ದಾರಿಯಿಂದ. 1949-50ರಲ್ಲಿ ಪ್ಯಾರಿಸ್ಸಿನ ಅಕಾಡೆಮಿ ಜೂಲಿಯಾನ್‌ನಲ್ಲಿ ಅಭ್ಯಾಸ ಮಾಡಿದರು. ಆ ನಗರದಲ್ಲಿ ಆಗ ಗೊಂಚರೋವಾ ಇನ್ನೂ ಬದುಕಿದ್ದಳು, ಅವಳು ತೀರಿಕೊಂಡದ್ದು 1962ರಲ್ಲಿ. ಪ್ಯಾರಿಸ್ಸಿಗಿಂತ ದೊಡ್ಡ ಪಾಠ ಹೆಬ್ಬಾರರಿಗೆ ಮುಂಬೈಯಲ್ಲಿ ಸಿಕ್ಕಿತು. ಲಯ ಎಂದರೇನು ಎಂಬುದು ಕಣ್ಣಿನಿಂದ ನೋಡಿದರೆ ಸಾಲದು, ಮೈಗೆ ಗೊತ್ತಾಗಬೇಕು ಎಂದು ಪಂಡಿತ್ ಸುಂದರ್ ಪ್ರಸಾದರ ಬಳಿ ಕಥಕ್ ಕಲಿತರು. ಗೆಜ್ಜೆ ಕಟ್ಟಿ ತತ್ಕಾರ ಹಾಕಿದ ಚಿತ್ರಗಾರರು ಎಷ್ಟು ಮಂದಿ ಸಿಕ್ಕಾರು!

ಆ ಕಲಿಕೆಯ ಫಲ ರೇಖಾಚಿತ್ರಗಳಲ್ಲಿದೆ. 1964ರಲ್ಲಿ ಅವು ‘ದಿ ಸಿಂಗಿಂಗ್ ಲೈನ್’ ಎಂಬ ಪುಸ್ತಕವಾಗಿ ಬಂದವು, ಹಾಡುವ ಗೆರೆ ಎಂದು ಅರ್ಥ. ಇವುಗಳಲ್ಲಿ ನರ್ತಕಿಯ ಕಣ್ಣು, ಮೂಗು, ಒಡವೆ ಹುಡುಕಿದರೆ ಸಿಗುವುದು ಕಡಿಮೆ. ಹಿಮ್ಮಡಿಯಿಂದ ಹೊರಟ ಗೆರೆ ಮಂಡಿಯ ಬಳಿ ಬಾಗಿ, ಸೊಂಟದಲ್ಲಿ ತಡೆದು, ತೋಳಿನಲ್ಲಿ ಬಿಟ್ಟುಕೊಂಡು ಬೆರಳ ತುದಿಯಲ್ಲಿ ನಿಲ್ಲುತ್ತದೆ. ತೂಕ ಬಿದ್ದ ಕಡೆ ದಪ್ಪ, ಎತ್ತಿದ ಕಡೆ ತೆಳು. ಕೆಲವು ಕಡೆ ಗೆರೆ ಕಡಿದೇ ಹೋಗಿರುತ್ತದೆ, ನೋಡುವವನ ಕಣ್ಣು ಅದನ್ನು ಕೂಡಿಸಿಕೊಳ್ಳುತ್ತದೆ, ತಾಳದಲ್ಲಿ ಬಿಟ್ಟ ಮಾತ್ರೆಯನ್ನು ಕಿವಿ ಎಣಿಸಿಕೊಳ್ಳುವ ಹಾಗೆ. ತಿದ್ದುಪಡಿಗೆ ಇಲ್ಲಿ ಜಾಗವಿಲ್ಲ. ಅಂಗಳದಲ್ಲಿ ರಂಗೋಲಿ ಎಳೆಯುವ ಹೆಂಗಸಿನ ಬೆರಳಿನಿಂದ ಪುಡಿ ಒಮ್ಮೆ ಉದುರಿದರೆ ಉದುರಿದ್ದೇ. ಯಕ್ಷಗಾನದ ಕಿರೀಟ ಬರೆದ ಕಲಾವಿದರು ಕರ್ನಾಟಕದಲ್ಲಿ ನೂರಾರು ಮಂದಿ ಇದ್ದಾರೆ. ಕಿರೀಟ ಬಿಟ್ಟು ಹೆಜ್ಜೆಯನ್ನಷ್ಟೇ ಉಳಿಸಿಕೊಂಡವರಲ್ಲಿ ಹೆಬ್ಬಾರರಿಗೆ ಸಮನಾದವರು ಕಡಿಮೆ.

ಎಣ್ಣೆಬಣ್ಣದಲ್ಲಿ ಅವರು ಎಲ್ಲ ಕಾಲಕ್ಕೂ ಇದೇ ಎತ್ತರದಲ್ಲಿದ್ದರು ಎನ್ನಲಾಗದು. ಹಬ್ಬ, ಕುಣಿತ, ಹಸಿವು, ಯುದ್ಧ, ಕಾರ್ಖಾನೆ ಎಲ್ಲವನ್ನೂ ಬರೆದರು. ಬರಬರುತ್ತ ಬಣ್ಣವನ್ನು ದಪ್ಪಕ್ಕೆ ಮೆತ್ತಿ ಅದರೊಳಗಿಂದ ಬೆಳಕು ಹೊರಡಿಸುವ ಆಸೆ ಬಲಿಯಿತು. ಕೆಲವು ಕ್ಯಾನ್ವಾಸುಗಳಲ್ಲಿ ಬೆಳಕು ಹೊರಟಿದೆ, ಕೆಲವುಗಳಲ್ಲಿ ಮೆತ್ತಿದ ಬಣ್ಣದ ಕೆಳಗೆ ಗೆರೆ ಉಸಿರುಕಟ್ಟಿದೆ.

ಮರ್ಯಾದೆಗಳಿಗೆ ಕೊರತೆಯಾಗಲಿಲ್ಲ. 1961ರಲ್ಲಿ ಪದ್ಮಶ್ರೀ, 1983ರಲ್ಲಿ ಸೋವಿಯತ್ ಲ್ಯಾಂಡ್ ನೆಹರೂ ಪ್ರಶಸ್ತಿ, 1989ರಲ್ಲಿ ಪದ್ಮಭೂಷಣ. 1996ರ ಮಾರ್ಚ್‌ನಲ್ಲಿ ಮುಂಬೈಯಲ್ಲಿ ತೀರಿಕೊಂಡರು.

ಮೂಲ ಚಿತ್ರ ನೋಡಬೇಕೆಂದರೆ ಬೆಂಗಳೂರಿಗೆ ಹೋಗಬೇಕು, ಕಸ್ತೂರಬಾ ರಸ್ತೆಯ ವೆಂಕಟಪ್ಪ ಆರ್ಟ್ ಗ್ಯಾಲರಿಗೆ ಹೆಬ್ಬಾರರು ತಮ್ಮ ಕೃತಿಗಳನ್ನು ಕೊಟ್ಟಿದ್ದಾರೆ. ಅದೇ ಊರಿನ ಚಿತ್ರಕಲಾ ಪರಿಷತ್ತಿನಲ್ಲಿ ರಷ್ಯನ್ನರಾದ ರೋರಿಕ್ ತಂದೆ ಮಗನ ಚಿತ್ರಗಳಿವೆ. ಮಗ ಸ್ವೆತೊಸ್ಲಾವ್ ಕನಕಪುರ ರಸ್ತೆಯ ತಾತಗುಣಿ ತೋಟದಲ್ಲಿ ನೆಲೆಸಿದ್ದವರು. ತಂದೆ ನಿಕೊಲಸ್, ಗೊಂಚರೋವಾಳ ‘ಚಿನ್ನದ ಹುಂಜ’ಕ್ಕೆ ಒಂದು ವರ್ಷ ಮೊದಲು, ಅದೇ ದ್ಯಾಗಿಲೆವ್ ಮೇಳಕ್ಕೆ, ಅದೇ ಸ್ಟ್ರಾವಿನ್ಸ್ಕಿಯ ‘ವಸಂತದ ಬಲಿ’ಗೆ ರಂಗಸಜ್ಜು ಬರೆದವರು. ಎರಡೂ ಕಡೆ ಒಂದೇ ದಿನದಲ್ಲಿ ನೋಡಿ ಮುಗಿಸಬಹುದು. ಮೊದಲು ಹೆಬ್ಬಾರರ ರೇಖೆಗಳನ್ನು ನೋಡುವುದು ಒಳ್ಳೆಯದು, ರೋರಿಕ್‌ರ ಹಿಮಾಲಯದ ನೀಲಿ ಒಮ್ಮೆ ಕಣ್ಣಿಗೆ ಹತ್ತಿದರೆ ಕಪ್ಪು ಶಾಯಿಯ ಗೆರೆ ಸ್ವಲ್ಪ ಹೊತ್ತು ಕಾಣುವುದಿಲ್ಲ.