ಶಾಸನ ಸಂಶೋಧನೆಯಲ್ಲಿ ಮುಕ್ತತೆ: ನಾಲ್ಕು ತಾಲ್ಲೂಕುಗಳ ಸಂಪುಟಗಳ ಹಿನ್ನೆಲೆಯಲ್ಲಿ

ಒಬ್ಬ ಸಂಶೋಧಕನ ತೀರ್ಮಾನವನ್ನು ಮತ್ತೊಬ್ಬನು ಅದೇ ಆಧಾರಗಳಿಂದ ಪರೀಕ್ಷಿಸಲು ಸಾಧ್ಯವಾದಾಗ ಮಾತ್ರ ಅದು ಶಾಸ್ತ್ರವೆನಿಸಿಕೊಳ್ಳುತ್ತದೆ. ಈ ದೃಷ್ಟಿಯಿಂದ ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ ಹಾಗೂ ನಾಗಮಂಗಲ ತಾಲ್ಲೂಕುಗಳ ಶಾಸನ ಪ್ರಕಟಣೆಯ ಇತಿಹಾಸ ಪರಿಶೀಲನಾರ್ಹವಾಗಿದೆ. ಬಿ.ಎಲ್. ರೈಸ್ ಅವರು ಎಪಿಗ್ರಾಫಿಯ ಕರ್ನಾಟಿಕದ ಮೂರನೆಯ (1894) ಮತ್ತು ನಾಲ್ಕನೆಯ (1898) ಸಂಪುಟಗಳಲ್ಲಿ ಈ ಭಾಗದ ಶಾಸನಗಳನ್ನು ಪ್ರಕಟಿಸಿದರು. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆ ಹೊರತಂದ ಪರಿಷ್ಕೃತ ಆವೃತ್ತಿಯಲ್ಲಿ ಆರನೆಯ ಸಂಪುಟ (1977) ಮೊದಲ ಮೂರು ತಾಲ್ಲೂಕುಗಳನ್ನೂ ಏಳನೆಯದು (1979) ನಾಗಮಂಗಲವನ್ನೂ ಒಳಗೊಂಡಿದೆ.

ರೈಸ್ ಅವರು ಅನುವಾದವನ್ನಷ್ಟೇ ಕೊಡದೆ ಮೂಲಪಾಠವನ್ನೂ ವಿದ್ವಾಂಸರ ಮುಂದಿಟ್ಟರು. ಅವರ ಓದನ್ನು ತಿದ್ದುವ ದಾರಿ ಇದರಿಂದಲೇ ತೆರೆಯಿತು; ಆರ್. ನರಸಿಂಹಾಚಾರ್ ಮೊದಲಾದವರ ಮುಂದಿನ ಕೆಲಸಕ್ಕೆ ಇದೇ ಬುನಾದಿಯಾಯಿತು. ಕಾವೇರಿಯ ಕಟ್ಟೆಯ ಹಿನ್ನೀರಿನಲ್ಲಿ ಹಳೆಯ ಕನ್ನಂಬಾಡಿ ಮುಳುಗಿದುದನ್ನು ನೆನೆದರೆ, ಕಲ್ಲು ಕಣ್ಮರೆಯಾದೆಡೆ ಅಚ್ಚಾದ ಪಾಠವೊಂದೇ ಸಾಕ್ಷಿಯಾಗಿ ಉಳಿಯುವುದೆಂಬುದು ಮನದಟ್ಟಾಗುತ್ತದೆ.

ಆದರೆ ಪಾಠವು ಸಂಪಾದಕನ ಓದೇ ಹೊರತು ಮೂಲ ಆಧಾರವಲ್ಲ. ತ್ರುಟಿತ ಅಕ್ಷರಗಳನ್ನು ಆತ ತುಂಬಿದ ಬಗೆ ಸರಿಯೇ ಎಂಬುದನ್ನು ಪಡಿಯಚ್ಚು ನೋಡದೆ ನಿರ್ಣಯಿಸಲಾಗದು. ಎರಡನೆಯ ತೊಡಕು ಕೃತಿಸ್ವಾಮ್ಯದ್ದು. 1927ರಲ್ಲಿ ನಿಧನರಾದ ರೈಸ್ ಅವರ ಸಂಪುಟಗಳು ಅಂತರಜಾಲದಲ್ಲಿ ಯಾರಿಗೂ ಮುಕ್ತ. ಪರಿಷ್ಕೃತ ಸಂಪುಟಗಳಾದರೋ ಕೃತಿಸ್ವಾಮ್ಯದ ಅವಧಿಯೊಳಗೇ ಇವೆ. ಪರಿಣಾಮವಾಗಿ, ತಿದ್ದಿದ ಪಾಠಕ್ಕಿಂತ ತಿದ್ದದ ಪಾಠವೇ ಸುಲಭವಾಗಿ ಉಲ್ಲೇಖಗೊಳ್ಳುವ ಅಪಾಯವಿದೆ. ಇನ್ನು, ಶಾಸನವಿರುವ ನೆಲೆಯನ್ನು ನಿಖರವಾಗಿ ಪ್ರಕಟಿಸಿದರೆ ನಿಧಿಗಳ್ಳರಿಗೂ ದಾರಿ ತೋರಿದಂತಾಗುತ್ತದೆ. ಹೊಲದ ಬದುವಿನಲ್ಲಿ ಕಲ್ಲನ್ನು ಮೊದಲು ಗುರುತಿಸಿದ ಸ್ಥಳೀಯ ಆಸಕ್ತನ ಹೆಸರು, ಪಾಠವು ಕೈಯಿಂದ ಕೈಗೆ ಹರಿದಾಡುವಾಗ ಅಳಿಸಿಹೋಗುವುದೂ ಉಂಟು.

ಬೆಂಗಳೂರಿನ ಮಿಥಿಕ್ ಸೊಸೈಟಿಯು 2021ರಲ್ಲಿ ಆರಂಭಿಸಿದ ಶಾಸನಗಳ ತ್ರಿಆಯಾಮ ದಾಖಲೀಕರಣವು ಮೊದಲನೆಯ ತೊಡಕಿಗೆ ಪರಿಹಾರವನ್ನು ಸೂಚಿಸುತ್ತದೆ. ಅಕ್ಷರದ ಆಳವನ್ನೇ ಕಾಣಿಸುವ ಇಂಥ ಪ್ರತಿಯ ಎದುರು ಓದುಗನು ಸಂಪಾದಕನೊಡನೆ ಸಮನಾಗಿ ನಿಂತು ವಾದಿಸಬಲ್ಲನು. ಆದರೆ ಉಪಕರಣ, ತರಬೇತಿ, ದೀರ್ಘಕಾಲದ ಸಂರಕ್ಷಣೆ ಇವೆಲ್ಲಕ್ಕೂ ವೆಚ್ಚವಿದೆ. ಮುಕ್ತವೆಂದರೆ ಖರ್ಚಿಲ್ಲದ್ದೆಂದು ಅರ್ಥವಲ್ಲ.

ಆದ್ದರಿಂದ ಮುಕ್ತತೆಯನ್ನು ಪುಟಗಳ ಛಾಯಾಪ್ರತಿಗೆ ಸೀಮಿತಗೊಳಿಸುವುದು ಯುಕ್ತವಲ್ಲ. ಪಾಠ, ಪಡಿಯಚ್ಚು, ತಿದ್ದುಪಡಿ ಮತ್ತು ಶೋಧಕನ ಹೆಸರು ಒಂದೆಡೆ ದೊರೆಯಬೇಕು. ರಕ್ಷಣೆಯಿಲ್ಲದ ಕಲ್ಲುಗಳ ನಿಖರ ನೆಲೆಯನ್ನು ಮಾತ್ರ ಅಧ್ಯಯನಕಾರರಿಗೆ ಮೀಸಲಿಡಬಹುದು. ಸಂಶಯಿಸುವವನ ಕೈಗೆ ಆಧಾರವನ್ನು ಒಪ್ಪಿಸುವುದೇ ಮುಕ್ತ ಸಂಶೋಧನೆಯ ನಿಜವಾದ ಲಕ್ಷಣ.