ಗೋರಿಯೂ ಗ್ರಂಥವೂ

ಚೀನಾದ ಷಿನ್‌ಜಿಯಾಂಗ್ ಪ್ರಾಂತದ ಉಯ್ಗುರರು ತಮ್ಮ ಪೂರ್ವಚರಿತ್ರೆಯನ್ನು ಹೇಗೆ ಉಳಿಸಿಕೊಂಡು ಬಂದರೆಂಬುದನ್ನು ರಿಯನ್ ಥಮ್ ಎಂಬ ವಿದ್ವಾಂಸರು 2014ನೆಯ ಇಸವಿಯಲ್ಲಿ ‘ದಿ ಸೇಕ್ರೆಡ್ ರೂಟ್ಸ್ ಆಫ್ ಉಯ್ಗುರ್ ಹಿಸ್ಟರಿ’ ಎಂಬ ಗ್ರಂಥದಲ್ಲಿ ವಿಚಾರಮಾಡಿದ್ದಾರೆ. ಆಮೇಲೆ ನಡೆದ ಸಂಗತಿಗಳ ಬೆಳಕಿನಲ್ಲಿ ಅದನ್ನು ಪುನಃ ಪರಿಶೀಲಿಸುವುದು ಅವಶ್ಯವಾಗಿದೆ.

ಗ್ರಂಥದ ಮುಖ್ಯ ಪ್ರತಿಪಾದನೆಯೇನೆಂದರೆ, ಈ ಜನರ ಚರಿತ್ರೆ ಕೇವಲ ಪುಸ್ತಕದಲ್ಲಿ ನೆಲಸಿದುದಲ್ಲ. ಸಂತರ ಸಮಾಧಿಗೆ ‘ಮಜಾರ್’ ಎಂದೂ ಅವರ ಚರಿತೆಗೆ ‘ತಜ್ಕಿರಾ’ ಎಂದೂ ಹೆಸರು. ತಜ್ಕಿರಾ ಬಹುಮಟ್ಟಿಗೆ ನಮ್ಮ ಸ್ಥಳಪುರಾಣವನ್ನು ಹೋಲುತ್ತದೆ. ಯಾತ್ರಿಕರು ಸಮಾಧಿಯ ಬಳಿ ನೆರೆದು ಅದರ ವಾಚನವನ್ನು ಕೇಳುತ್ತಿದ್ದರು. ಹಸ್ತಪ್ರತಿಯ ಅಂಚಿನಲ್ಲಿಯೂ ಸಮಾಧಿಯ ಗೋಡೆಯ ಮೇಲೆಯೂ ತಮ್ಮ ಬರೆಹವನ್ನು ಬಿಟ್ಟುಹೋಗುತ್ತಿದ್ದರು. ಒಂದು ಮಜಾರಿನಿಂದ ಮತ್ತೊಂದಕ್ಕೆ ಸಾಗುವ ಯಾತ್ರಾಮಾರ್ಗವೇ ಬಿಡಿ ಕಥೆಗಳನ್ನು ಒಂದು ಚರಿತ್ರೆಯಾಗಿ ಹೆಣೆಯುತ್ತಿತ್ತು. ಈ ಭಾಗ ಗ್ರಂಥದ ಸಾರಭೂತವಾದುದು. ಇಲ್ಲಿಯ ವಾದಸರಣಿ ಒಪ್ಪತಕ್ಕದ್ದಾಗಿದೆ.

ಆದರೆ ಯಾತ್ರೆ ಕ್ಷೀಣಿಸಿದ ಬಳಿಕ ಅಚ್ಚಿನ ಪುಸ್ತಕವೂ ಚಾರಿತ್ರಿಕ ಕಾದಂಬರಿಯೂ ಆ ಸ್ಥಾನವನ್ನು ಬಹುಮಟ್ಟಿಗೆ ತುಂಬಿದುವೆಂಬ ಭಾವನೆ ಓದುಗರಲ್ಲಿ ಉಳಿಯುತ್ತದೆ. ಇದನ್ನು ಪೂರ್ಣವಾಗಿ ಒಪ್ಪುವಂತಿಲ್ಲ. ಗ್ರಂಥದ ದೃಷ್ಟಿ ಸಂತರ ಸಮಾಧಿಗಳ ಮೇಲೆ ನೆಟ್ಟಿದೆ. ಅವುಗಳ ಸುತ್ತ ಹೂಳಲ್ಪಟ್ಟ ಸಾಮಾನ್ಯರ ಗೋರಿಗಳು ಹಿನ್ನೆಲೆಗೆ ಸರಿದಿವೆ. 2014ರಿಂದೀಚೆಗೆ 45 ಖಬರಸ್ತಾನಗಳಾದರೂ ನಾಶವಾದುವೆಂದು ಉಪಗ್ರಹಚಿತ್ರಗಳ ಆಧಾರದಿಂದ 2019ರಲ್ಲಿ ಎ.ಎಫ್.ಪಿ. ವಾರ್ತಾಸಂಸ್ಥೆ ವರದಿಮಾಡಿತು. ಖೋತನ್ ನಗರದ ಪ್ರಾಚೀನವಾದ ಸುಲ್ತಾನಿಮ್ ಖಬರಸ್ತಾನವೂ ನೆಲಸಮವಾಯಿತು. ನಗರಾಭಿವೃದ್ಧಿ, ಗೋರಿಗಳ ಏಕರೂಪತೆ ಎಂಬಿವು ಅಧಿಕಾರಿಗಳು ಕೊಟ್ಟ ಕಾರಣಗಳು. ಮಜಾರುಗಳನ್ನು ಊರೂರು ತಿರುಗಿ ದಾಖಲಿಸಿದ ವಿದುಷಿ ರಾಹಿಲೆ ದಾವುತ್ ಅವರೇ 2017ರಲ್ಲಿ ಕಣ್ಮರೆಯಾದರು. ಅವರಿಗೆ ಆಜೀವ ಕಾರಾಗೃಹವಾಸ ವಿಧಿಸಿರುವುದು 2023ರಲ್ಲಿ ಹೊರಬಿದ್ದಿತು.

ಅಕ್ಸು ಪಟ್ಟಣದ ನಿದರ್ಶನವನ್ನು ನೋಡಬಹುದು. 1945ರಲ್ಲಿ ಮಡಿದ ಕವಿ ಲುತ್ಪುಲ್ಲಾ ಮುತೆಲ್ಲಿಪ್ ಅವರನ್ನು ಹೂಳಿದ್ದ ಖಬರಸ್ತಾನವಿದ್ದಲ್ಲಿ ಈಗ ಕೃತಕ ಸರೋವರವೂ ಮಕ್ಕಳ ಆಟದ ಸಾಧನಗಳೂ ಇರುವ ‘ಆನಂದ ಉದ್ಯಾನ’ವಿದೆ. ಕವಿಗೆ ಗೋರಿ ಹೋದರೂ ಕವಿತೆಯುಂಟು. ಆತನ ಪಕ್ಕದಲ್ಲಿ ಮಲಗಿದ್ದ ರೈತನಿಗೆ, ಗೃಹಿಣಿಗೆ ಯಾವ ಗ್ರಂಥವುಂಟು? ಅವರ ಮಕ್ಕಳು ಮೊಮ್ಮಕ್ಕಳಿಗೆ ಆ ಮಣ್ಣಿನ ದಿಬ್ಬವೇ ವಂಶಾವಳಿಯಾಗಿತ್ತು. ಸ್ಥಳವೂ ಚರಿತ್ರೆಯ ಒಂದು ಅಂಗವೆಂದು ತೋರಿಸಿಕೊಟ್ಟುದು ಥಮ್ ಅವರ ಹಿರಿಮೆ. ಆ ಮಾತು ಸಂತರಿಗಿಂತಲೂ ಹೆಚ್ಚಾಗಿ ಇಂಥವರಿಗೇ ಅನ್ವಯಿಸುತ್ತದೆ. ಮುಂದಿನ ಸಂಶೋಧಕರು ಅವರಿಂದಲೇ ಆರಂಭಿಸುವುದು ಯುಕ್ತ.